ಹೆರಿಗೆ ಬೇನೆಯ ಹೊತ್ತಿನಲ್ಲಿ ತಾಯಿ ಒಂಟಿಯಾಗಬಾರದು

(ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಮುಂಡಗೋಡ ಭಾಗದ ಜಮಾಅತ್‌ಗಳಿಗಾಗಿ ನೀಡಿದ ಜುಮಾ ಪ್ರವಚನದ ಸಾರ)

ನಮ್ಮನ್ನು ತಾಯಿಯ ಗರ್ಭದಲ್ಲಿ ರೂಪಿಸಿ ಈ ಬೆಳಕಿಗೆ ತಂದ ಅಲ್ಲಾಹನಿಗೆ ಸಕಲ ಸ್ತುತಿ. ತಾಯಿಯ ಹಕ್ಕು ಎಷ್ಟು ದೊಡ್ಡದೆಂದು ನಮಗೆ ಕಲಿಸಿಕೊಟ್ಟ ಪ್ರವಾದಿವರ್ಯರು(ಸ), ಅವರ ಕುಟುಂಬದವರು ಹಾಗೂ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಇಂದು ನಾವು ಹೆರಿಗೆಯ ಬಗ್ಗೆ ಮಾತಾಡೋಣ. ಇದು ಹೆಂಗಸರ ವಿಷಯ, ಮಿಂಬರಿನ ಮೇಲಿಂದ ಹೇಳುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬೇನೆ ಶುರುವಾದ ರಾತ್ರಿ ಗಾಡಿ ತರಿಸುವವರು ಯಾರು? ಯಾವ ಆಸ್ಪತ್ರೆ ಎಂದು ತೀರ್ಮಾನಿಸುವವರು ಯಾರು? ಹಣ ಹೊಂದಿಸುವವರು, ಕಾಗದಕ್ಕೆ ಸಹಿ ಹಾಕುವವರು ಯಾರು? ಹೆಚ್ಚಿನ ಮನೆಗಳಲ್ಲಿ ಗಂಡಸರೇ. ಆದ್ದರಿಂದ ಈ ಮಾತು ಮೊದಲು ತಲುಪಬೇಕಾದದ್ದು ಜುಮಾಕ್ಕೆ ಸೇರಿರುವ ನಮಗೇ.

ಪವಿತ್ರ ಕುರ್‌ಆನ್ ತಾಯಿಯ ಈ ಕಷ್ಟವನ್ನು ಒಂದಕ್ಕಿಂತ ಹೆಚ್ಚು ಕಡೆ ನೆನಪಿಸುತ್ತದೆ. ಸೂರಃ ಲುಕ್ಮಾನ್‌ನ 14ನೆಯ ಸೂಕ್ತದಲ್ಲಿ ಅವಳು ದಿನೇ ದಿನೇ ಸೋಲುತ್ತಾ ಮಗುವನ್ನು ಹೊತ್ತದ್ದನ್ನು ಹೇಳಿದೆ. ಸೂರಃ ಅಹ್ಕಾಫ್‌ನ 15ನೆಯ ಸೂಕ್ತದಲ್ಲಿ ಹೊರುವುದರ ಜೊತೆಗೆ ಹೆರುವುದರ ನೋವನ್ನೂ ಹೆಸರಿಸಿ ಹೇಳಿದೆ. ತಂದೆತಾಯಿಗೆ ಒಳಿತು ಮಾಡಬೇಕೆಂಬ ಆಜ್ಞೆಯ ಪಕ್ಕದಲ್ಲೇ ಈ ನೋವಿನ ಪ್ರಸ್ತಾಪ ಬಂದಿದೆ. ಅಲ್ಲಾಹನೇ ಎತ್ತಿ ಹೇಳಿದ ನೋವನ್ನು ನಾವು ಬಾಗಿಲ ಹಿಂದಿನ ಮಾತೆಂದು ದೂರ ಇಡುವುದು ಸರಿಯಲ್ಲ.

ಮರ್ಯಮ್‌ರ ಹೆರಿಗೆ ಹೇಳುವ ಪಾಠ

ಹೆರಿಗೆಯ ಹೊತ್ತನ್ನು ಕುರ್‌ಆನ್ ವಿವರವಾಗಿ ನಮ್ಮ ಮುಂದೆ ಇಟ್ಟಿರುವುದು ಸೂರಃ ಮರ್ಯಮ್‌ನಲ್ಲಿ, 22ರಿಂದ 26ನೆಯ ಸೂಕ್ತಗಳವರೆಗೆ. ಮರ್ಯಮ್(ಅ) ಜನರಿಂದ ದೂರದ ಒಂದು ಜಾಗದಲ್ಲಿದ್ದರು. ತಾಯಿ ಇಲ್ಲ, ಅಕ್ಕತಂಗಿ ಇಲ್ಲ, ಸೂಲಗಿತ್ತಿ ಇಲ್ಲ. ಬೇನೆ ಅವರನ್ನು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸಿತು. ಆಗ ಅವರ ಬಾಯಿಂದ, ಇದಕ್ಕೆ ಮೊದಲೇ ತಾನು ಸತ್ತು ಎಲ್ಲರಿಗೂ ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತು ಬಂತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಲೋಕದ ಸ್ತ್ರೀಯರಲ್ಲಿ ಆರಿಸಲ್ಪಟ್ಟ ಪುಣ್ಯವತಿ ಅವರು. ಅವರೂ ನೋವಿನಲ್ಲಿ ಹಾಗೆ ಅಂದರು. ಅದಕ್ಕೆ ಅಲ್ಲಾಹನ ಕಡೆಯಿಂದ ಬಂದ ಉತ್ತರದಲ್ಲಿ ಒಂದು ಗದರಿಕೆಯೂ ಇಲ್ಲ. ಹೀಗಿರುವಾಗ ಬೇನೆ ತಿನ್ನುತ್ತಾ ಕೂಗುವ ನಮ್ಮ ಸೊಸೆಗೆ, ಮಗಳಿಗೆ ‘ಎಲ್ಲರೂ ಹೆತ್ತಿಲ್ಲವೇ, ನಿನ್ನದೇನು ದೊಡ್ಡದು’ ಎನ್ನುವ ಅಧಿಕಾರ ನಮಗೆಲ್ಲಿಂದ ಬಂತು? ಆ ಹೊತ್ತಿನ ಕೂಗು ಈಮಾನಿನ ಕೊರತೆಯಲ್ಲ.

ಬಂದ ಉತ್ತರವನ್ನು ಒಂದೊಂದಾಗಿ ನೋಡೋಣ. ಮೊದಲು ಸಮಾಧಾನದ ದನಿ ಬಂತು, ದುಃಖಿಸಬೇಡ ಎಂದಿತು. ಆಮೇಲೆ ಕಾಲ ಬಳಿಯಲ್ಲೇ ನೀರಿನ ತೊರೆ ಇದೆಯೆಂದು ತೋರಿಸಲಾಯಿತು. ಮರದ ಕಾಂಡವನ್ನು ಹಿಡಿದು ಅಲುಗಿಸಲು ಹೇಳಲಾಯಿತು. ಕೈಗೆ ಹಿಡಿಯಲು ಒಂದು ಆಸರೆ, ದೇಹಕ್ಕೆ ಒಂದು ಚಲನೆ. ಹಣ್ಣಾದ ಖರ್ಜೂರ ಉದುರಿತು. ತಿನ್ನು, ಕುಡಿ, ಕಣ್ಣು ತಂಪಾಗಿಸಿಕೋ ಎಂಬ ಸಾಂತ್ವನ ಸಿಕ್ಕಿತು. ಕೊನೆಗೆ, ಯಾರಾದರೂ ಎದುರಾದರೆ ಮಾತಾಡುವ ಹೊಣೆಯೇ ಬೇಡವೆಂದು ಮೌನವ್ರತದ ದಾರಿಯನ್ನು ತೋರಿಸಿ ಜನರ ಬಾಯಿಂದ ಅವರನ್ನು ಕಾಪಾಡಲಾಯಿತು.

ಸಮಾಧಾನದ ಮಾತು, ಕುಡಿಯಲು ನೀರು, ಹಿಡಿಯಲು ಆಸರೆ, ತಿನ್ನಲು ಆಹಾರ, ಜನರ ಮಾತಿನಿಂದ ರಕ್ಷಣೆ. ಹೆರುವ ಹೆಣ್ಣಿನ ಪಕ್ಕದಲ್ಲಿ ಇರುವವರು ಮಾಡಬೇಕಾದ ಐದು ಕೆಲಸಗಳು ಇವೇ. ಮರ್ಯಮ್‌ರಿಗೆ ಮನುಷ್ಯರಾರೂ ಇರಲಿಲ್ಲ, ಆದ್ದರಿಂದ ಅಲ್ಲಾಹನು ತನ್ನ ಕಡೆಯಿಂದಲೇ ಅದನ್ನೆಲ್ಲ ಒದಗಿಸಿದನು. ನಮ್ಮ ಹೆಣ್ಣುಮಕ್ಕಳಿಗೆ ಒದಗಿಸಲು ಅವನು ನಮ್ಮನ್ನು ಇಟ್ಟಿದ್ದಾನೆ.

ಉಮರ್(ರ) ಮತ್ತು ಉಮ್ಮು ಕುಲ್ಸೂಮ್(ರ)

ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಖಲೀಫಾ ಉಮರ್(ರ) ಅವರ ಒಂದು ಘಟನೆ ಇದೆ. ಇಬ್ನು ಕಸೀರ್‌ರಂತಹ ಇತಿಹಾಸಕಾರರು ಅದನ್ನು ದಾಖಲಿಸಿದ್ದಾರೆ. ರಾತ್ರಿ ಊರು ಸುತ್ತುತ್ತಿದ್ದ ಉಮರ್(ರ) ಅವರಿಗೆ ಮದೀನದ ಹೊರಗೆ ಒಂದು ಡೇರೆ ಕಾಣಿಸಿತು. ಹೊರಗೆ ಒಬ್ಬ ಮರುಭೂಮಿಯ ಮನುಷ್ಯ ಕುಳಿತಿದ್ದ. ಒಳಗಿನಿಂದ ನರಳುವ ದನಿ ಬರುತ್ತಿತ್ತು. ವಿಚಾರಿಸಿದಾಗ ಹೆಂಡತಿ ಬೇನೆ ತಿನ್ನುತ್ತಿದ್ದಾಳೆ, ಜೊತೆಗೆ ಯಾರೂ ಇಲ್ಲ ಎಂದು ತಿಳಿಯಿತು.

ಉಮರ್(ರ) ನೇರ ಮನೆಗೆ ಬಂದು, ಅಲ್ಲಾಹನು ನಿನ್ನ ಬಾಗಿಲಿಗೇ ಒಂದು ಪುಣ್ಯ ತಂದಿದ್ದಾನೆ, ಬೇಕೇ ಎಂದು ಪತ್ನಿ ಉಮ್ಮು ಕುಲ್ಸೂಮ್(ರ) ಅವರನ್ನು ಕೇಳಿದರು. ಆಕೆ ಅಲಿ(ರ) ಮತ್ತು ಫಾತಿಮಾ(ರ) ಅವರ ಮಗಳು, ಪ್ರವಾದಿವರ್ಯರ(ಸ) ಮೊಮ್ಮಗಳು. ಹೆರಿಗೆಗೆ ಬೇಕಾದ ಬಟ್ಟೆ, ಎಣ್ಣೆ ತೆಗೆದುಕೊಂಡು ಅವರು ಆ ರಾತ್ರಿಯೇ ಹೊರಟರು. ಹಿಟ್ಟನ್ನೂ ಕೊಬ್ಬನ್ನೂ ಉಮರ್(ರ) ಸ್ವತಃ ಹೊತ್ತರು. ಆಕೆ ಡೇರೆಯ ಒಳಗೆ ಹೋದರು. ಉಮರ್(ರ) ಹೊರಗೆ ಒಲೆ ಹಚ್ಚಿ ಅಡುಗೆಗೆ ಕುಳಿತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಅಮೀರುಲ್ ಮೂಮಿನೀನ್, ನಿಮ್ಮ ಜೊತೆಯಲ್ಲಿರುವವರಿಗೆ ಗಂಡುಮಗುವಿನ ಶುಭವಾರ್ತೆ ತಿಳಿಸಿ ಎಂದು ದನಿ ಬಂತು. ಒಲೆ ಊದುತ್ತಿದ್ದವರು ಯಾರೆಂದು ಆ ಮನುಷ್ಯನಿಗೆ ಗೊತ್ತಾದದ್ದು ಆಗಲೇ.

ಈ ಘಟನೆಯಲ್ಲಿ ಯಾರೂ ಸುಮ್ಮನೆ ಕುಳಿತಿಲ್ಲ. ಒಳಗಿನ ಕೆಲಸಕ್ಕೆ ತಕ್ಕ ಹೆಣ್ಣುಮಗಳು ಒಳಗೆ ಹೋದಳು, ಗಂಡಸು ಹೊರಗಿನ ಕೆಲಸ ಮಾಡಿದ. ಹೆರುತ್ತಿದ್ದವಳು ಬಂಧುವಲ್ಲ, ಊರಿನವಳೂ ಅಲ್ಲ. ಆದರೂ ಖಲೀಫಾರ ಮನೆಯಿಂದ ಅವಳಿಗೆ ಜೊತೆ ಸಿಕ್ಕಿತು.

ಪ್ರವಾದಿವರ್ಯರ(ಸ) ಮಗ ಇಬ್ರಾಹೀಮ್ ಹುಟ್ಟಿದಾಗ ಸೂಲಗಿತ್ತಿಯಾಗಿದ್ದವರು ಅಬೂ ರಾಫಿಅ್‌ರ ಪತ್ನಿ ಸಲ್ಮಾ(ರ). ಅವರ ಹೆಸರನ್ನು ನಮ್ಮ ಸೀರಃ ಗ್ರಂಥಗಳು ಗೌರವದಿಂದ ಉಳಿಸಿಕೊಂಡಿವೆ. 14ನೆಯ ಶತಮಾನದ ಇತಿಹಾಸಕಾರ ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮಾ’ದಲ್ಲಿ ಸೂಲಗಿತ್ತಿಯ ವಿದ್ಯೆಗೇ ಒಂದು ಅಧ್ಯಾಯ ಮೀಸಲಿಟ್ಟು, ನಾಗರಿಕ ಬದುಕಿಗೆ ಅದು ಬೇಕೇಬೇಕಾದ ವಿದ್ಯೆ ಎಂದರು. ಈ ಸೇವೆ ನಮ್ಮ ದೀನಿನಲ್ಲಿ ಎಂದೂ ಕೀಳು ಕೆಲಸವಾಗಿರಲಿಲ್ಲ.

ಸೂಲಗಿತ್ತಿ ಬೇರೆ, ಜೊತೆಗಾತಿ ಬೇರೆ

ಈಗ ದೊಡ್ಡ ಪಟ್ಟಣಗಳಲ್ಲಿ ‘ಡೂಲಾ’ ಎಂಬ ಪದ ಕೇಳಿಬರುತ್ತಿದೆ. ಮೂಲದಲ್ಲಿ ಇದು ಸೇವೆ ಮಾಡುವ ಹೆಂಗಸು ಎಂಬರ್ಥದ ಗ್ರೀಕ್ ಪದ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೇಲ್ 1973ರಲ್ಲಿ ತಮ್ಮ ಪುಸ್ತಕದಲ್ಲಿ ಬಳಸಿದ ಮೇಲೆ ಅದು ಬಳಕೆಗೆ ಬಂತು. ಡೂಲಾ ಹೆರಿಗೆ ಮಾಡಿಸುವುದಿಲ್ಲ, ಔಷಧ ಕೊಡುವುದಿಲ್ಲ, ಹೊಟ್ಟೆ ಒತ್ತಿ ನೋಡುವುದಿಲ್ಲ. ಬೇನೆಯ ಆರಂಭದಿಂದ ಮಗು ಎದೆಗೆ ಬರುವವರೆಗೆ ತಾಯಿಯ ಪಕ್ಕ ಬಿಡದೆ ಇರುವುದೇ ಅವಳ ಕೆಲಸ. ನಾವು ಅವಳನ್ನು ಜೊತೆಗಾತಿ ಎನ್ನೋಣ.

ನಮ್ಮ ನಾಡಿನಲ್ಲಿ ಹಿಂದೆ ಈ ಎರಡೂ ಕೆಲಸವನ್ನು ಸೂಲಗಿತ್ತಿಯೇ ಮಾಡುತ್ತಿದ್ದಳು. ನಮ್ಮ ಉರ್ದು ಮಾತಾಡುವ ಮನೆಗಳಲ್ಲಿ ಅವಳು ದಾಯಿ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯಬೇಕು. ಕೂಲಿ ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರು ಯಾವ ಮನೆಯ ಬಾಗಿಲಲ್ಲೂ ಜಾತಿ, ಧರ್ಮ ಕೇಳಿದವರಲ್ಲ. ಒಳಿತು ಎಲ್ಲಿ ಕಂಡರೂ ಅದನ್ನು ಒಪ್ಪಿ ಗೌರವಿಸುವುದು ನಮ್ಮ ಧರ್ಮದ ಶಿಕ್ಷಣ.

ಆದರೆ ಮನೆಯ ಹೆರಿಗೆಯ ಕಾಲಕ್ಕೆ ಹಿಂದಿರುಗಬೇಕೆಂದು ನಾವು ಹೇಳುತ್ತಿಲ್ಲ. 2004-06ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ, 108 ವಾಹನ, ರಕ್ತದ ವ್ಯವಸ್ಥೆ, ಇವೆಲ್ಲ ಸೇರಿ ಉಳಿಸಿದ ಜೀವಗಳವು. ಹೆರಿಗೆಯ ನಂತರದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ತಾಯಿಯನ್ನು ಕೊಂಡೊಯ್ಯಬಲ್ಲದು. ಅದನ್ನು ತಡೆಯುವ ಇಂಜೆಕ್ಷನ್, ರಕ್ತ, ಶಸ್ತ್ರಚಿಕಿತ್ಸೆ ಮನೆಯಲ್ಲಿ ಸಿಗುವುದಿಲ್ಲ. ವೈದ್ಯ ತಿಳಿಯದೆ ವೈದ್ಯ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಜೊತೆಗಾತಿಯೂ ತನ್ನ ಗೆರೆ ದಾಟಬಾರದು.

ಹಾಗಾದರೆ ಕೊರತೆ ಇರುವುದೆಲ್ಲಿ? ಇಂದು ರಾಜ್ಯದಲ್ಲಿ 100 ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತಾಯಿ ಆಸ್ಪತ್ರೆ ತಲುಪಿದಳು, ಆದರೆ ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅನೇಕ ಕಡೆ ಅವಳು ಒಂಟಿ. ಸಿಸ್ಟರ್ ಒಬ್ಬರು, ನೋಡಿಕೊಳ್ಳಬೇಕಾದವರು ನಾಲ್ಕೈದು ಮಂದಿ. ಮೊದಲ ಹೆರಿಗೆಯ ಇಪ್ಪತ್ತು ವರ್ಷದ ಹುಡುಗಿ ಗೋಡೆ ನೋಡುತ್ತಾ ಹೆದರಿ ಮಲಗಿರುತ್ತಾಳೆ. ಹೊರಗೆ ಹತ್ತು ಮಂದಿ ಬಂಧುಗಳು ಬೆಂಚಿನ ಮೇಲೆ ಕುಳಿತಿರುತ್ತಾರೆ. ಆ ಬಾಗಿಲಿನ ಒಳಗೆ ಅವಳಿಗೊಂದು ಪರಿಚಿತ ಕೈ ಬೇಕು.

ಇದು ಬರೀ ಭಾವನೆಯ ಮಾತೂ ಅಲ್ಲ. 17 ದೇಶಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆ 2017ರಲ್ಲಿ ಪ್ರಕಟವಾಯಿತು. ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಇದ್ದವರಿಗೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಸ್ವಲ್ಪ ಕಡಿಮೆ ಎಂದು ಅದು ತೋರಿಸಿತು. ತಾಯಿ ತಾನೇ ಆರಿಸಿದ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಅದಕ್ಕೂ ಮೊದಲೇ, 2016ರಲ್ಲಿ, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾತಿಗೆ ಅವಕಾಶ ಕೊಡುವ ನಿರ್ಧಾರವನ್ನು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದೆ.

ಆ ಸೂಚನೆಯಲ್ಲಿ ಷರತ್ತುಗಳಿವೆ. ಜೊತೆಗಾತಿ ಸಂಬಂಧಿಕ ಹೆಣ್ಣುಮಗಳಾಗಿರಬೇಕು, ಸಾಧ್ಯವಾದರೆ ಹೆತ್ತ ಅನುಭವ ಇರಬೇಕು. ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು. ಕೊನೆಯವರೆಗೂ ಇರಲು ಸಿದ್ಧಳಿರಬೇಕು. ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಆದ್ದರಿಂದ ಎಂಟನೆಯ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ ವೈದ್ಯರನ್ನೂ ಸಿಸ್ಟರನ್ನೂ ಭೇಟಿಯಾಗಿ, ಹೆರಿಗೆ ದಿನ ಇವರು ಒಳಗಿರುತ್ತಾರೆ ಎಂದು ವಿನಯದಿಂದ ಕೇಳಿಕೊಂಡು ಬರಬೇಕು. ಬೇನೆ ಬಂದ ರಾತ್ರಿ ಬಾಗಿಲಲ್ಲಿ ಜಗಳ ಮಾಡಿದರೆ ತಾಯಿಗೇ ತೊಂದರೆ.

ಬಾಗಿಲ ಒಳಗೆ ಜೊತೆಗಾತಿ ಮಾಡುವುದೇನು?

ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಖಾಲಾ, ಫೂಫಿ, ಅತ್ತಿಗೆ ಯಾರಾದರೂ ಸಿಗುತ್ತಾರೆ. ಅವರಿಗೆ ಧೈರ್ಯ ಇರಬೇಕು, ಬಾಯಿ ಹಗುರ ಇರಬಾರದು. ಅವರು ಸೊಂಟ ನೀವುತ್ತಾರೆ. ವೈದ್ಯರು ಒಪ್ಪಿದರೆ ಆರಂಭದಲ್ಲಿ ತಾಯಿಯನ್ನು ಸ್ವಲ್ಪ ನಡೆಸುತ್ತಾರೆ. ಬಾಯಾರಿದಾಗ ಗುಟುಕು ನೀರು ಕೊಡುತ್ತಾರೆ. ಉಸಿರು ಬಿಗಿಹಿಡಿದಾಗ ನಿಧಾನವಾಗಿ ಬಿಡು ಎಂದು ನೆನಪಿಸುತ್ತಾರೆ. ತಲೆಯ ಮೇಲಿನ ದುಪಟ್ಟಾ ಸರಿದರೆ ಸರಿಪಡಿಸುತ್ತಾರೆ, ಕಾಲ ಮೇಲೊಂದು ಹೊದಿಕೆ, ಮಂಚದ ಪಕ್ಕಕ್ಕೊಂದು ಪರದೆ ಕೇಳಿ ಹಾಕಿಸುತ್ತಾರೆ. ವೈದ್ಯರು ಹೇಳಿದ್ದು ಅರ್ಥವಾಗದಿದ್ದರೆ ಮನೆಮಾತಿನಲ್ಲಿ ತಿಳಿಸುತ್ತಾರೆ.

ಈಮಾನಿನ ಬಲವೂ ಅವರಿಂದ ಸಿಗುತ್ತದೆ. ಕಿವಿಯ ಹತ್ತಿರ ಮೆಲ್ಲಗೆ ಝಿಕ್ರ್ ಹೇಳುತ್ತಾ, ಅವಳಿಗೆ ಗೊತ್ತಿರುವ ದುಆಗಳನ್ನು ಜೊತೆಯಲ್ಲಿ ಹೇಳಿಸುತ್ತಾರೆ. ಬೇನೆಯ ನಡುವೆ ನಮಾಝಿನ ಚಿಂತೆ ಕಾಡಿದರೆ, ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ಸನ್ನೆಯಿಂದ ಮಾಡಬಹುದೆಂಬ ರಿಯಾಯಿತಿಯನ್ನು ನೆನಪಿಸುತ್ತಾರೆ. ಹೆರಿಗೆಯಾದ ಮೇಲೆ ನಿಫಾಸ್ ನಿಲ್ಲುವವರೆಗೆ ನಮಾಝ್ ಇಲ್ಲ, ಅದನ್ನು ಆಮೇಲೆ ತೀರಿಸಬೇಕಾಗಿಯೂ ಇಲ್ಲ. ಆದರೆ ದುಆ ಮತ್ತು ಝಿಕ್ರ್‌ನ ಬಾಗಿಲು ಅವಳಿಗೆ ಯಾವಾಗಲೂ ತೆರೆದೇ ಇದೆ.

ಮಹಿಳಾ ವೈದ್ಯೆ ಸಿಕ್ಕರೆ ಒಳ್ಳೆಯದು. ಸಿಗದಿದ್ದಾಗ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದಕ್ಕೆ ಶರೀಅತ್ ಅಡ್ಡಿಯಲ್ಲ. ಜೀವದ ಅಗತ್ಯ ದೊಡ್ಡದು ಎಂದು ಪಂಡಿತರು ಹೇಳಿದ್ದಾರೆ. ಹಾಗೆಯೇ ಸಿಸೇರಿಯನ್ ಆದವಳು ಕಡಿಮೆ ತಾಯಿಯಲ್ಲ. ಅಗತ್ಯವೆಂದು ವೈದ್ಯರು ಹೇಳಿದ ಮೇಲೆ ಊರಿಂದ ದೊಡ್ಡವರು ಬರಲಿ ಎಂದು ಕಾಯುವುದು ಬೇಡ. ವಯಸ್ಕ ಹೆಣ್ಣುಮಗಳ ಚಿಕಿತ್ಸೆಗೆ ಅವಳದೇ ಒಪ್ಪಿಗೆ ಸಾಕು ಎಂಬುದು ಕಾನೂನು. ಅದನ್ನು ಅವಳಿಗೂ ಮನೆಯವರಿಗೂ ಮೊದಲೇ ತಿಳಿಸಿರಬೇಕು.

ಇನ್ನೊಂದು ಮಾತು. ಒಳಗೆ ಕಂಡದ್ದು, ಕೇಳಿದ್ದು ಅಮಾನತ್. ಅವಳು ಕೂಗಿದ್ದು, ಅತ್ತದ್ದು, ಅತ್ತೆಮನೆಯವರ ಬಗ್ಗೆ ಏನಾದರೂ ಅಂದದ್ದು, ಯಾವುದೂ ಬಾಗಿಲು ದಾಟಿ ಬರಬಾರದು. ಈ ಗುಣ ಇಲ್ಲದವರನ್ನು ಎಷ್ಟೇ ಹತ್ತಿರದ ಬಂಧುವಾದರೂ ಈ ಕೆಲಸಕ್ಕೆ ಕಳಿಸಬೇಡಿ.

ಮಗು ಹುಟ್ಟಿದ ಮೇಲೆ ಅದನ್ನು ತಾಯಿಯ ಎದೆಗೆ ಒರಗಿಸಿ ಒಂದು ಗಂಟೆಯೊಳಗೆ ಹಾಲು ಕುಡಿಸಲು ನೆರವಾಗುವುದೂ ಅವಳ ಕೆಲಸ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಾರೆ; ತಹ್ನೀಕ್‌ನ ಹೆಸರಿನಲ್ಲಿ ಜೇನು ನೆಕ್ಕಿಸದಿರಿ. ಅಝಾನ್ ಹೇಳಲು ತಂದೆ ಹತ್ತು ನಿಮಿಷ ಕಾದರೆ ತಪ್ಪಿಲ್ಲ, ಮೊದಲು ಮಗು ಚೆನ್ನಾಗಿ ಉಸಿರಾಡಲಿ, ಬೆಚ್ಚಗಾಗಲಿ.

ಎಲ್ಲ ಹೆರಿಗೆಯೂ ನಗುವಿನಲ್ಲಿ ಮುಗಿಯುವುದಿಲ್ಲ. ಮಗು ಉಳಿಯದ ದಿನ ಹೊರಗಿನವರೆಲ್ಲ ಮಾತು ತೋಚದೆ ದೂರ ಸರಿಯುತ್ತಾರೆ. ಅಂದು ಜೊತೆಗಾತಿ ಇನ್ನೂ ಹತ್ತಿರ ಕುಳಿತುಕೊಳ್ಳಬೇಕು. ಮಕ್ಕಳನ್ನು ಕಳೆದುಕೊಂಡು ಸಹನೆ ತೋರಿದ ತಾಯಿಗೆ ಆ ಮಕ್ಕಳೇ ನರಕದಿಂದ ಮರೆಯಾಗುತ್ತಾರೆಂಬ ಪ್ರವಾದಿವಚನದ ಸಾಂತ್ವನವನ್ನು ಸಮಯ ನೋಡಿ ಹೇಳಬೇಕು. ಯಾರ ತಪ್ಪು ಎಂಬ ವಿಚಾರಣೆಯನ್ನು ಅವಳ ಮಂಚದ ಹತ್ತಿರ ನಡೆಯಗೊಡಬಾರದು.

ನಮ್ಮ ಕಾಡಿನ ದಾರಿಗಳು

ಈಗ ನಮ್ಮ ಭಾಗದ ಸ್ಥಿತಿ ನೋಡೋಣ. ದಾಂಡೇಲಿ, ಹಳಿಯಾಳದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಧಾರವಾಡ, ಹುಬ್ಬಳ್ಳಿ. ಮುಂಡಗೋಡದವರೂ ಹುಬ್ಬಳ್ಳಿಯ ಕಡೆಗೇ ಓಡುತ್ತಾರೆ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಉತ್ತರ ಕನ್ನಡದ ಜನ ಒಟ್ಟಾಗಿ ದನಿ ಎತ್ತಿದ್ದನ್ನು ನಾವೆಲ್ಲ ಬಲ್ಲೆವು. ಇನ್ನು ಜೊಯಿಡಾ ತಾಲೂಕಿನಲ್ಲಿ ಕಾಡು ಹೆಚ್ಚು, ಮನೆಗಳು ವಿರಳ. ಮಳೆಗಾಲದ ರಾತ್ರಿ ಹಳ್ಳ ತುಂಬಿ, ಮರ ಬಿದ್ದು, ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ 108ಕ್ಕೆ ಕರೆ ಮಾಡುವುದೇ ಒಂದು ಸಾಹಸ.

ಇಂತಹ ಊರಿನಲ್ಲಿ ಬೇನೆ ಶುರುವಾದ ಮೇಲೆ ಯೋಚಿಸಿದರೆ ತಡವಾಯಿತು. ವೈದ್ಯರು ಕೊಟ್ಟ ದಿನಾಂಕಕ್ಕೆ ಒಂದೆರಡು ವಾರ ಮೊದಲೇ ತಾಯಿಯನ್ನು ಆಸ್ಪತ್ರೆ ಇರುವ ಊರಿಗೆ ತಂದು ಇರಿಸಬೇಕು. ಎಲ್ಲಿ ಇರಿಸುವುದು? ಬಂಧುಗಳಿದ್ದವರಿಗೆ ಚಿಂತೆ ಇಲ್ಲ. ಇಲ್ಲದವರಿಗಾಗಿ ದಾಂಡೇಲಿಯಲ್ಲಿ ಒಂದು ಮನೆ, ಹಳಿಯಾಳದಲ್ಲಿ ಒಂದು ಮನೆ, ಮುಂಡಗೋಡದಲ್ಲಿ ಒಂದು ಮನೆ ತನ್ನ ಒಂದು ಕೋಣೆಯನ್ನು ತೆರೆದಿಟ್ಟರೆ ಸಾಕು. ಒಬ್ಬ ವಿಶ್ವಾಸಿಯ ಕಷ್ಟ ನೀಗಿಸಿದವನ ಕಷ್ಟವನ್ನು ಅಲ್ಲಾಹನು ಅಂತ್ಯದಿನದಲ್ಲಿ ನೀಗಿಸುವನು ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಕೋಣೆಗೆ ಇದಕ್ಕಿಂತ ಒಳ್ಳೆಯ ಬಾಡಿಗೆ ಯಾವುದು?

ಹಳಿಯಾಳದ ಕಾಡಂಚಿನಲ್ಲಿರುವ ನಮ್ಮ ಸಿದ್ದಿ ಮುಸ್ಲಿಮ್ ಸಹೋದರಿಯರನ್ನು ಇಲ್ಲಿ ವಿಶೇಷವಾಗಿ ನೆನಪಿಡಿ. ಅವರು ನಮ್ಮವರೇ. ಪಟ್ಟಣದ ಮೊಹಲ್ಲಾದ ಸೊಸೆಗೆ ಸಿಗುವ ಜೊತೆ ಅವರಿಗೂ ಸಿಗಬೇಕು. ಪಕ್ಕದ ಗೌಳಿ ಮನೆಯವಳಾಗಲಿ, ಕುಣಬಿ ಮನೆಯವಳಾಗಲಿ, ಬೇನೆಯಲ್ಲಿ ಒಂಟಿಯಾಗಿ ಕರೆದರೆ ನಮ್ಮ ಹೆಣ್ಣುಮಕ್ಕಳು ಹೋಗಬೇಕು. ಉಮರ್(ರ) ಆ ಡೇರೆಯವರ ಹೆಸರು, ಕುಲ ನೋಡಿ ಪತ್ನಿಯನ್ನು ಕರೆತಂದವರಲ್ಲ.

ಗಂಡಸರ ಪಾಲು

ಸಹೋದರರೇ, ಬದ್ರ್ ಯುದ್ಧಕ್ಕೆ ಎಲ್ಲರೂ ಹೊರಟಾಗ ಉಸ್ಮಾನ್(ರ) ಅವರ ಪತ್ನಿ, ಪ್ರವಾದಿಪುತ್ರಿ ರುಕಯ್ಯಾ(ರ) ಕಾಯಿಲೆಯಲ್ಲಿದ್ದರು. ಅವರ ಆರೈಕೆಗಾಗಿ ಉಳಿಯುವಂತೆ ಪ್ರವಾದಿವರ್ಯರು(ಸ) ಉಸ್ಮಾನ್(ರ) ಅವರಿಗೆ ಹೇಳಿದರು, ಬದ್ರ್‌ನಲ್ಲಿ ಭಾಗವಹಿಸಿದವರ ಪ್ರತಿಫಲವೂ ಪಾಲೂ ಅವರಿಗಿದೆ ಎಂದರು. ಇದು ಬುಖಾರಿಯಲ್ಲಿದೆ. ಹೆಂಡತಿಯ ಹಾಸಿಗೆಯ ಪಕ್ಕ ಕುಳಿತವನಿಗೆ ಬದ್ರ್‌ನ ಪಾಲು! ಹೀಗಿರುವಾಗ ಹೆರಿಗೆಯ ವಾರ ರಜೆ ಹಾಕಿ ಮನೆಯಲ್ಲಿರುವ ಗಂಡನನ್ನು ಗೇಲಿ ಮಾಡುವವರು ತಮ್ಮ ಮಾತನ್ನು ತೂಗಿ ನೋಡಿಕೊಳ್ಳಲಿ.

ಹೆರಿಗೆಯಲ್ಲಿ ತೀರಿಕೊಂಡ ತಾಯಿಗೆ ಶಹೀದರ ಪದವಿ ಇದೆ ಎಂದು ಹದೀಸ್‌ಗಳಲ್ಲಿ ಬಂದಿದೆ. ಅದು ಅಲ್ಲಾಹನು ಅವಳಿಗೆ ಕೊಡುವ ಗೌರವ. ನಮ್ಮ ನಿರ್ಲಕ್ಷ್ಯವನ್ನು ಅದರ ಹಿಂದೆ ಅಡಗಿಸಬಾರದು. ತಡವಾಗಿ ಗಾಡಿ ತಂದವನು, ರಕ್ತ ಕೊಡಲು ಹೆದರಿ ಜಾರಿಕೊಂಡವನು, ಹಣ ಉಳಿಸಲು ಮನೆಯಲ್ಲೇ ಆಗಲಿ ಎಂದವನು ಆಮೇಲೆ ‘ತಕ್ದೀರ್’ ಎಂದರೆ ಅದು ತವಕ್ಕುಲ್ ಆಗುವುದಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಹೇಳಿದ ಪ್ರವಾದಿವರ್ಯರ(ಸ) ಸಮುದಾಯ ನಾವು.

ನಲವತ್ತು ದಿನಗಳು

ಹೆರಿಗೆಯೊಂದಿಗೆ ಜೊತೆ ಮುಗಿಯುವುದಿಲ್ಲ. ನಲವತ್ತು ದಿನದ ಬಾಣಂತನದಲ್ಲಿ ಎಣ್ಣೆನೀರು, ಬೆಚ್ಚನೆಯ ಊಟ, ವಿಶ್ರಾಂತಿ, ಇವೆಲ್ಲ ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ರೂಢಿ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವುದು, ಕಿಟಕಿ ಮುಚ್ಚಿ ಕೋಣೆ ತುಂಬ ಹೊಗೆ ಹಾಕುವುದು ತಾಯಿಗೂ ಮಗುವಿಗೂ ಹಾನಿ. ನಲವತ್ತು ದಿನಕ್ಕೆ ಮೊದಲೇ ರಕ್ತ ಪೂರ್ತಿ ನಿಂತರೆ ಅವಳು ಸ್ನಾನ ಮಾಡಿ ನಮಾಝ್ ಆರಂಭಿಸಬೇಕು. ನಿಫಾಸ್‌ನಲ್ಲಿರುವವಳು ಮುಟ್ಟಿದ್ದು ಅಶುದ್ಧವಾಗುತ್ತದೆ ಎಂಬುದು ನಮ್ಮ ದೀನಿನ ಮಾತಲ್ಲ.

ಜ್ವರ, ವಿಪರೀತ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಬಂದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ವಾರ ಕಳೆದರೂ ಅವಳು ಸುಮ್ಮನೆ ಅಳುತ್ತಿದ್ದರೆ, ನಿದ್ದೆ ಮಾಡದಿದ್ದರೆ, ಮಗುವನ್ನು ನೋಡಲೂ ಮನಸ್ಸಿಲ್ಲದಿದ್ದರೆ ಅದನ್ನು ನಾಟಕವೆನ್ನಬೇಡಿ, ನಝರ್ ಎಂದು ಕೈಕಟ್ಟಿ ಕೂರಬೇಡಿ. ದುಆ ಮಾಡಿ, ವೈದ್ಯರಿಗೂ ತೋರಿಸಿ. ಅದೊಂದು ಕಾಯಿಲೆ, ಗುಣವಾಗುತ್ತದೆ. ಹೆಣ್ಣು ಹುಟ್ಟಿತೆಂದು ಮುಖ ಸಣ್ಣ ಮಾಡುವವರನ್ನು ಕುರ್‌ಆನ್ ಖಂಡಿಸಿದೆ. ಅಂಥವರ ಮಾತು ಬಾಣಂತಿಯ ಕಿವಿಗೆ ಬೀಳದಂತೆ ತಡೆಯುವುದೂ ಜೊತೆಗಾತಿಯ ಕೆಲಸವೇ.

ಜಮಾಅತ್ ಮಾಡಬೇಕಾದದ್ದು

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಪ್ರತಿ ಮೊಹಲ್ಲಾದಲ್ಲಿ ಹೆತ್ತ ಅನುಭವವಿರುವ, ನಂಬಿಕಸ್ಥರಾದ ಎರಡು ಮೂರು ಹೆಣ್ಣುಮಕ್ಕಳನ್ನು ಹೆಂಗಸರೇ ಸೇರಿ ಆರಿಸಲಿ. ಆರೋಗ್ಯ ಕೇಂದ್ರದ ವೈದ್ಯರು, ಸಿಸ್ಟರ್, ಆಶಾ ಕಾರ್ಯಕರ್ತೆಯರನ್ನು ಕರೆಸಿ ಅವರಿಗೆ ಅಪಾಯದ ಲಕ್ಷಣಗಳು, ಶುಚಿತ್ವ, ಹಾಲೂಡಿಸುವ ಕ್ರಮ ಕಲಿಸಿಕೊಡಲಿ. ಬಸುರಿಯ ಮನೆಯವರು ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಲಿ. ನಮ್ಮ ರಾಜ್ಯದಲ್ಲಿ 100 ಬಸುರಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಕಬ್ಬಿಣದ ಮಾತ್ರೆ ತಪ್ಪಿಸದಂತೆ ಜೊತೆಗಾತಿಯರು ನೆನಪಿಸಲಿ. ಖರ್ಜೂರ ಒಳ್ಳೆಯದೇ, ಆದರೆ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ತಿನ್ನಲಿ.

ಯುವಕರು ತಮ್ಮ ರಕ್ತದ ಗುಂಪು, ಫೋನ್ ನಂಬರ್ ಬರೆದ ಪಟ್ಟಿಯನ್ನು ಮಸೀದಿಯಲ್ಲಿ ಇಡಲಿ. ರಾತ್ರಿ ಕರೆದರೆ ಬರುವ ಎರಡು ಗಾಡಿಗಳ ಹೆಸರೂ ಅದರಲ್ಲಿರಲಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಉಚಿತವೆಂಬುದನ್ನು ಬಡ ಮನೆಗಳಿಗೆ ಹೋಗಿ ತಿಳಿಸಲಿ. ಹಣದ ಭಯಕ್ಕೆ ಯಾವ ತಾಯಿಯೂ ಮನೆಯಲ್ಲಿ ಉಳಿಯಬಾರದು.

ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬರ್ಥದ ಮಾತು ಸೂರಃ ಮಾಇದಾದ 32ನೆಯ ಸೂಕ್ತದಲ್ಲಿದೆ. ಹೆರಿಗೆ ಕೋಣೆಯಲ್ಲಿ ಇರುವುದು ಎರಡು ಜೀವ.

ಯಾ ಅಲ್ಲಾಹ್, ನಮ್ಮ ಗರ್ಭಿಣಿ ಸಹೋದರಿಯರ ಹೆರಿಗೆಯನ್ನು ಸುಲಭಗೊಳಿಸು. ಹೆತ್ತು ಬಳಲಿದವರಿಗೆ ಆರೋಗ್ಯ ಕೊಡು, ಕಳೆದುಕೊಂಡವರಿಗೆ ಸಹನೆ ಮತ್ತು ಪ್ರತಿಫಲ ಕೊಡು. ಅವರ ಪಕ್ಕ ನಿಲ್ಲುವ ಕೈಗಳಿಗೆ ಬಲ ಕೊಡು. ವೈದ್ಯರಿಗೆ, ಸಿಸ್ಟರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಒಳಿತು ಮಾಡು. ನಮ್ಮ ಊರುಗಳಲ್ಲಿ ಯಾವ ತಾಯಿಯೂ ಒಂಟಿಯಾಗಿ ನೋವು ತಿನ್ನದಂತೆ ಏರ್ಪಾಡು ಮಾಡುವ ತೌಫೀಕ್ ನಮಗೆ ಕರುಣಿಸು. ಆಮೀನ್.